ಮರಳುತ್ತೇನೆ ಅಂದಿದ್ದ

ಸಂಜೆಯೊಳಗೆ ಮರಳುತ್ತೇನೆ ಅಂದಿದ್ದ ಪೆಟ್ರುಸ್.
ಮರಳೇ ಉಳಿಯಿತು.

ನೀರಿನ ಕ್ಯಾನು ಗಾಡಿಯಲ್ಲೇ ಇತ್ತು.
ಇಳಿಸಿಕೊಳ್ಳಲು ನನಗೆ ನೆನಪಾಗಲಿಲ್ಲ,
ಇಳಿಸದಿರಲು ಅವನಿಗೆ ನೆನಪಿತ್ತು.
ಏಳು ಚೀಲ ನಾರಾ ಕಾಯಿ,
ಕಾಯಿ ಬೇಯಿಸುವ ಕಪ್ಪು ಹಂಡೆ,
ಹನ್ನೊಂದು ವರ್ಷ,
ಎಲ್ಲವನ್ನೂ ಹಿಂದೆ ಹೇರಿಕೊಂಡು
ವಾಲ್ವಿಸ್ ಬೇ ಕಡೆ ತಿರುಗಿಸಿದ.
ಬಿಟ್ಟುಹೋದದ್ದು ಒಂದು ಉಣ್ಣೆಯ ಕೋಟು.
ಈ ಬಿಸಿಲಿಗೆ ಯಾರಿಗೆ ಬೇಕು ಅದು.

ಮೊದಲ ರಾತ್ರಿಯಿಡೀ ಅವನ ಪರ
ನಾನೇ ವಕಾಲತ್ತು ವಹಿಸಿದೆ.
ಟೈರು ಒಡೆದಿರಬೇಕು. ಕ್ಲಚ್ಚು, ಅದು ಮೊದಲೇ ಸರಿಯಿರಲಿಲ್ಲ.
ಡೀಸೆಲ್ಲಿಗೆ ಸಾಲ ಹೇಳುತ್ತಿರಬೇಕು ಯಾರಿಗೋ.
ದೂರದ ದಿಬ್ಬದ ಮೇಲೆ ಬೆಳಕು ಕಂಡಿತು,
ಎದ್ದು ಕೂದಲು ಸರಿಮಾಡಿಕೊಂಡೆ.
ಅದು ಶುಕ್ರ.

ಎರಡನೆಯ ದಿನ ಮೂಡಣ ಗಾಳಿ.
ಬಾಣಲೆಯಲ್ಲಿ ಹುರಿದು ಹುರಿದು ಎರಚಿದಂತೆ
ಕಣ್ಣಿಗೆ, ಕಿವಿಗೆ, ಹಲ್ಲಿನ ಸಂದಿಗೆ.
ನಾಲಿಗೆ ಬಾಯೊಳಗೆ ಬೇರೆ ಯಾರದೋ ಚಪ್ಪಲಿ.
ಮುಳ್ಳುಬಳ್ಳಿಯಲ್ಲಿ ಅವನು ಬಿಟ್ಟಿದ್ದ ಎಳೆಕಾಯಿ ಒಡೆದೆ,
ಬಲಿಯದ ನಾರಾ ತುಟಿ ಸುಡುತ್ತದೆ ಅಂತ
ಮಕ್ಕಳಿಗೂ ಗೊತ್ತು. ಸುಟ್ಟಿತು. ನುಂಗಿದೆ.

ಮಧ್ಯಾಹ್ನ ಕೋಟನ್ನು ತಲೆಯ ಮೇಲೆ ಎಳೆದುಕೊಂಡಾಗ
ಒಳಗಿನ ಕತ್ತಲಲ್ಲಿ ಗುಲಾಬಿ ಸಾಬೂನಿನ ವಾಸನೆ.
ನಮ್ಮ ಮನೆಯಲ್ಲಿ ನೀಲಿ ಸಾಬೂನು,
ಬಟ್ಟೆಗೂ ಅದೇ, ಮೈಗೂ ಅದೇ.
ವಕೀಲಳು ಸುಮ್ಮನಾದಳು.

ಅಳಲಿಲ್ಲ ಅಂದರೆ ಸುಳ್ಳು.
ಅಳಲು ನೀರಿರಲಿಲ್ಲ ಅಂದರೆ ನಿಜ.
ಚರ್ಚಿನಲ್ಲಿ ಕೈ ಹಿಡಿದವನು
ಇಲ್ಲಿ, ಒಂದು ನೆರಳೂ ಇಲ್ಲದಲ್ಲಿ, ಕೈಕೊಟ್ಟ.
ಬಯ್ಯಲು ಬಾಯಿ ತೆರೆದರೆ
ತೇವ ವ್ಯರ್ಥ. ಮುಚ್ಚಿಕೊಂಡೆ.

ಆ ರಾತ್ರಿ ಗಾಳಿ ತಿರುಗಿತು.
ಕಡಲ ಕಡೆಯಿಂದ ಮಂಜು ಬಂತು,
ಕುರಿಮಂದೆಯಂತೆ, ಸದ್ದಿಲ್ಲದೆ, ದಿಬ್ಬಗಳನ್ನು ಮೇಯುತ್ತ.
ಕೋಟನ್ನು ಮುಳ್ಳುಬಳ್ಳಿಯ ಮೇಲೆ ಹರಡಿದೆ,
ತೋಳುಗಳನ್ನು ಅಗಲಿಸಿ, ಯಾರನ್ನೋ ತಬ್ಬಲು ಕರೆಯುವಂತೆ.
ಬೆಳಗಿನ ಜಾವ ದಿಬ್ಬದ ನೆತ್ತಿಯಲ್ಲಿ
ಕರಿಯ ಜೀರುಂಡೆಗಳು ತಲೆ ಕೆಳಗೆ ಮಾಡಿ ನಿಂತಿದ್ದವು,
ಬೆನ್ನ ಮೇಲಿನ ಹನಿ ಜಾರಿ ಬಾಯಿಗೇ ಬರುವ ತನಕ.
ನಾನೂ ಮಂಡಿಯೂರಿದೆ,
ಒಂದೊಂದೇ ತೋಳನ್ನು ಹಿಂಡಿದೆ.

ಎರಡು ಬೊಗಸೆ ಇರಬಹುದು. ಇನ್ನೂ ಕಡಿಮೆ.
ಹೊಗೆಸೊಪ್ಪು, ಡೀಸೆಲ್ಲು, ಅವನ ಕಂಕುಳು,
ಕೊನೆಗೆ, ಗಂಟಲ ತುದಿಯಲ್ಲಿ, ಗುಲಾಬಿ.
ಒಂದು ಹನಿ ಚೆಲ್ಲದೆ ಕುಡಿದೆ.

ಗಾಡಿಯ ಜಾಡು ಪಡುವಣಕ್ಕೆ ನೇರ, ಚಂದ,
ಹೊಲಿಗೆ ಹಾಕಿದಂತೆ.
ಅದರ ಹಿಂದೆ ಹತ್ತು ಹೆಜ್ಜೆ ಹೋದದ್ದು ನಿಜ.
ಆಮೇಲೆ ಅಜ್ಜಿ ಡೊರ್ಕಾಸ್ ನೆನಪಾದಳು:
ಓರಿಕ್ಸ್ ಅಗೆದಲ್ಲಿ ಅಗಿ,
ಗಂಡಸು ತೋರಿಸಿದಲ್ಲಿ ಅಲ್ಲ.
(ಎರಡನೆಯ ಸಾಲು ನಾನು ಸೇರಿಸಿದ್ದು.)
ಬಡಗಣಕ್ಕೆ ತಿರುಗಿದೆ, ಕುಯ್ಸೆಬ್ ಹೊಳೆಯ ಕಡೆ,
ವರ್ಷಕ್ಕೊಮ್ಮೆ ಹೊಳೆ, ಉಳಿದಂತೆ ಬರೀ ಹೆಸರು.

ಹಗಲು ಕೋಟಿನಡಿ, ರಾತ್ರಿ ನಡಿಗೆ,
ಜಾವಕ್ಕೆ ಹಿಂಡುವುದು.
ಮೂರನೆಯ ಬೆಳಗ್ಗೆ ಗುಲಾಬಿ ಹೋಗಿತ್ತು.
ನಾಲ್ಕನೆಯ ಬೆಳಗ್ಗೆ ಅವನೂ.
ಬರೀ ಉಣ್ಣೆ, ಬರೀ ಮಂಜು.

ಒಣಹೊಳೆಯಲ್ಲಿ ಗೊರಸು ಕೆದರಿದ ಗುಳಿ ಸಿಕ್ಕಿತು.
ಮೊಣಕೈ ಮುಳುಗುವಷ್ಟು ತೋಡಿದೆ,
ಉಗುರಿಗೆ ತಣ್ಣಗೆ ಏನೋ ತಾಗಿತು.
ಅಲ್ಲೇ ಮುಖವಿಟ್ಟು ಬಿದ್ದಿದ್ದೆನಂತೆ,
ಕತ್ತೆಗಳನ್ನು ಹೊಡೆದುಕೊಂಡು ಬಂದ ಯೋಸಾಫಾತ್ ಮುದುಕ ಹೇಳುವುದು.

ಅವನು ಕೇಳಿದ್ದು ಒಂದೇ:
ಓಟಿಲಿಯೆ, ಈ ಸೆಕೆಯಲ್ಲಿ ಗಂಡನ ಕೋಟು ಯಾಕೆ?
ಕೋಟಲ್ಲ, ಬಾವಿ, ಅಂದೆ.
ತಲೆಗೆ ಬಿಸಿಲು ಏರಿದೆ ಅಂದುಕೊಂಡ,
ಹೂಂಗುಟ್ಟಿ, ಕತ್ತೆಯ ಬೆನ್ನು ತಟ್ಟಿ ಹತ್ತಿಸಿದ.

ಪೆಟ್ರುಸ್ ಕೋಟಿಗಾಗಿ ಹೇಳಿಕಳಿಸಿದ್ದಾನೆ,
ಪಟ್ಟಣದಲ್ಲಿ ಚಳಿಯಂತೆ.
ಕೊಡುವುದಿಲ್ಲ.